ಅಲ್ಲೇ ಇದೆ ನೋಡಿ

ಹೆಂಡತಿ ತಿಪಟೂರಿನ ತವರಿಗೆ ಹೋದ ಎರಡನೇ ದಿನ ಒಗ್ಗರಣೆಗೆ ಸಾಸಿವೆ ಸಿಗಲಿಲ್ಲ. ಫೋನ್ ಮಾಡಿದೆ. "ಅಲ್ಲೇ ಇದೆ ನೋಡ್ರೀ, ಎಡಗಡೆ" ಅಂದಳು. ಯಾವುದರ ಎಡಗಡೆ? ಒಲೆಗೆ ಮುಖ ಮಾಡಿ ನಿಂತರೆ ಎಡಕ್ಕೆ ಸಿಂಕು, ಬೆನ್ನು ಮಾಡಿದರೆ ಫ್ರಿಜ್ಜು. ಇಷ್ಟು ವರ್ಷದ ಸಂಸಾರದಲ್ಲಿ ಈ 'ಅಲ್ಲೇ' ಎಂಬ ಊರನ್ನು ನಾನಿನ್ನೂ ಮುಟ್ಟಿಲ್ಲ. ಆ ದಿನ ಒಗ್ಗರಣೆಯಿಲ್ಲದ ಸಾರುಂಡೆ.

ಬಿಡಿ, ಹೇಳಹೊರಟದ್ದು ಸಾರಿನ ವಿಷಯವಲ್ಲ. ಬೇಸಿಗೆ ಬಂತೆಂದರೆ ಅಮೃತಹಳ್ಳಿಯ ನಮ್ಮ ಬೀದಿಗೆ ಟ್ಯಾಂಕರ್ ನೀರೇ ಗತಿ. ಯಾರ ಮನೆಗೆ ಎಷ್ಟು ಲೋಡು, ಯಾರ ಬಾಕಿ ಎಷ್ಟು ಅನ್ನುವುದಕ್ಕೆ ಒಂದು ವೆಬ್‌ಸೈಟ್ ಮಾಡಿಕೊಡ್ತೀನಿ ಅಂತ, ರಿಟೈರಾದವನ ಹುರುಪಿನಲ್ಲಿ ಒಪ್ಪಿಕೊಂಡಿದ್ದೆ. ಜಾಂಗೋದಲ್ಲಿ ಬರೆದೆ. ಕಾನ್ಸಾಸ್‌ನ ಒಂದು ಪತ್ರಿಕೆಯ ಕಚೇರಿಯಲ್ಲಿ ಹುಟ್ಟಿ 2005ರಲ್ಲಿ ಎಲ್ಲರ ಕೈಗೆ ಬಂದ ತಂತ್ರಾಂಶ ಅದು. ಹೆಸರು ಮಾತ್ರ ಜಾಂಗೋ ರೈನ್‌ಹಾರ್ಟ್ ಎಂಬ ಗಿಟಾರ್ ವಾದಕನದು. ಬೆಂಕಿ ಅನಾಹುತದಲ್ಲಿ ಎಡಗೈಯ ಎರಡು ಬೆರಳು ಮುರುಟಿದ ಮೇಲೆ ಮಿಕ್ಕ ಎರಡರಲ್ಲೇ ಆ ಪುಣ್ಯಾತ್ಮ ತಂತಿಯ ಮೇಲೆ ಓಡಾಡಿದ. ನಾನೂ ಎರಡು ಬೆರಳಿನವನೇ, ಟೈಪಿಂಗಿನಲ್ಲಿ. ಹೋಲಿಕೆ ಅಲ್ಲಿಗೆ ಮುಗಿಯಿತು.

ಮನೆಯ ಲ್ಯಾಪ್‌ಟಾಪಿನಲ್ಲಿ ಸೈಟು ಹೂವಿನ ಹಾಗೆ ಅರಳಿತ್ತು. ಬಾಡಿಗೆ ಸರ್ವರಿಗೆ ಏರಿಸಿದ್ದೇ ತಡ, 'ಟೆಂಪ್ಲೇಟ್ ಡಸ್ ನಾಟ್ ಎಗ್ಸಿಸ್ಟ್' ಅಂದುಬಿಟ್ಟಿತು. ಟೆಂಪ್ಲೇಟ್ ಅಂದರೆ ಪುಟದ ಅಚ್ಚು. ಚಕ್ಕುಲಿ ಒರಳಿನ ಬಿಲ್ಲೆ ಇದ್ದಂತೆ, ಹಿಟ್ಟು ಯಾವುದಾದರೂ ಆಕಾರ ಅದರದೇ. ಬಿಲ್ಲೆಯೇ ಇಲ್ಲ ಅಂದರೆ? ನಾನೇ ಕೈಯಾರೆ ಕಳಿಸಿದ್ದೆನಲ್ಲ! ಸರ್ವರಿನಲ್ಲಿ ತೆರೆದಿಡಬಾರದು ಅನ್ನುವ ಡಿಬಗ್ ಕಿಟಕಿಯನ್ನು ಐದು ನಿಮಿಷ ತೆರೆದೆ. ಎಲ್ಲೆಲ್ಲಿ ಹುಡುಕಿದೆ, ಎಲ್ಲೆಲ್ಲಿ ಸಿಗಲಿಲ್ಲ ಎಂದು ಜಾಂಗೋ ಪಟ್ಟಿ ಕೊಡುತ್ತದೆ. ಅದಕ್ಕೆ ಅದು ಇಟ್ಟಿರುವ ಹೆಸರೇ ಪೋಸ್ಟ್‌ಮಾರ್ಟಂ.

ಹೆಣ ಕುಯ್ದಾಗ ಗೊತ್ತಾಯಿತು. ದಾರಿ ಕೇಳುವ ಜಾಗದಲ್ಲಿ ನಾನು ಬರೀ 'ಟೆಂಪ್ಲೇಟ್ಸ್' ಅಂತ ಬರೆದಿದ್ದೆ. ಅಂದರೆ 'ಅಲ್ಲೇ'. ಮನೆಯಲ್ಲಿ ನಾನು ಪ್ರಾಜೆಕ್ಟಿನ ಫೋಲ್ಡರಿನೊಳಗೆ ನಿಂತು ಓಡಿಸುತ್ತಿದ್ದೆ, ಅಲ್ಲೇ ಇತ್ತು. ಸರ್ವರಿನಲ್ಲಿ ಅದು ನಿಂತದ್ದು ರೂಟ್‌ನಲ್ಲಿ, ಊರಬಾಗಿಲಲ್ಲಿ. ಅಲ್ಲೆಲ್ಲಿಂದ ಬರಬೇಕು ಬಿಲ್ಲೆ? ನಮ್ಮ ಬೀದಿಗೆ ಪಾರ್ಸೆಲ್ ತರುವ ಹುಡುಗರಿಗೂ ಇದೇ ಪಾಡು. "ದೇವಸ್ಥಾನದ ಹತ್ರ ಎಡಕ್ಕೆ ತಗೋಳಪ್ಪ" ಅಂತೀನಿ. ಬಳ್ಳಾರಿ ರಸ್ತೆ ಕಡೆಯಿಂದ ಬಂದವನಿಗೆ ಅದು ಎಡ, ಜಕ್ಕೂರು ಕಡೆಯಿಂದ ಬಂದವನಿಗೆ ಬಲ. "ಯಾವ ದೇವಸ್ಥಾನ ಸಾರ್?" ಅಂತ ಕೇಳುವ ಹುಡುಗ ಜಾಣ.

ಮದ್ದು ಸೆಟ್ಟಿಂಗ್ಸ್ ಫೈಲಿನ ತಲೆಯಲ್ಲೇ ಇತ್ತು, 'ಬೇಸ್ ಡಿರ್' ಅನ್ನುವ ಸಾಲು. ಆ ಫೈಲು ಮೊದಲು ತಾನೆಲ್ಲಿ ಕೂತಿದ್ದೇನೆ ಎಂದು ನೋಡಿಕೊಂಡು, ಅಲ್ಲಿಂದ ಎರಡು ಮೆಟ್ಟಿಲು ಹತ್ತಿ, ಅದೇ ಮನೆ ಅನ್ನುತ್ತದೆ. ಆ ಮನೆಗೆ ಒಂದು ಓರೆಗೆರೆ ಎಳೆದು 'ಟೆಂಪ್ಲೇಟ್ಸ್' ಅಂತ ಸೇರಿಸಿದೆ. ಮತ್ತೂ ಬರಲಿಲ್ಲ! ಫೈಲಿನ ಹೆಸರಿಗೆ ದೊಡ್ಡ 'ಎಚ್', ಕೋಡಿನಲ್ಲಿ ಸಣ್ಣದು. ವಿಂಡೋಸ್ ಇದನ್ನೆಲ್ಲ ಹೊಟ್ಟೆಗೆ ಹಾಕಿಕೊಳ್ಳುತ್ತದೆ. ಲಿನಕ್ಸ್ ಮಾತ್ರ ಮಡಿ ಹೆಂಗಸು.

ಸೈಟು ಎದ್ದ ರಾತ್ರಿ ಹೆಂಡತಿಗೆ ಫೋನ್ ಮಾಡಿ, "ಬೇಸ್ ಡಿರ್‌ನಿಂದ ಹೇಳು" ಅಂದೆ. ಏನು ಅರ್ಥವಾಯಿತೋ, "ಅಡುಗೆಮನೆ ಬಾಗಿಲಲ್ಲಿ ನಿಂತ್ಕೊಳ್ಳಿ. ಒಳಗೆ ಬನ್ನಿ. ಕೈ ಮೇಲೆತ್ತಿ" ಅಂದಳು. ಸಾಸಿವೆ ಸಿಕ್ಕಿತು, ಬೋರ್ನ್‌ವಿಟಾ ಡಬ್ಬಿಯಲ್ಲಿ.