ಅಡಿಕೆ ಕೊಯ್ಲಿನ ಕಾಲಕ್ಕೇ ಮೀನಿನ ನೆನಪು

ಡಿಸೆಂಬರ್ ಬಂತು. ಅಂಗಳದ ತುಂಬ ಅಡಿಕೆ, ಮುಂದಿನ ಕೊಯ್ಲಿಗೆ ಜನ ಇಲ್ಲ, ಸ್ಪ್ರಿಂಕ್ಲರಿನ ಜೆಟ್ಟಿಗೆ ಕಸ ಕಟ್ಟಿದೆ. ಸರಿಯಾಗಿ ಇದೇ ಹೊತ್ತಿಗೆ ನಿಮಗೆ ಹೊಳೆಯ ನೆನಪಾಗುವುದು ಹೇಗೆ ಮಾರಾಯ್ರೇ? (ಹೇಳಿ, ನಾನು ಯಾರ ಹತ್ರವೂ ಬಾಯಿ ಬಿಡುವುದಿಲ್ಲ.) ಜೂನ್‌ನಲ್ಲಿ ಉಬರ್ ಮೀನು ಗದ್ದೆಗೇ ಹತ್ತಿ ಬಂದಾಗ ಜಗಲಿಯಲ್ಲಿ ಕೂತು ಹಲಸಿನ ಹಪ್ಪಳ ತಿಂದವರು ನೀವೇ ತಾನೆ?

ಅದೂ ಈ ವರ್ಷ ಬರೀ ಗಾಳ ಸಾಕಾಗಲಿಲ್ಲ ನಿಮಗೆ. ಯಾವುದೋ ದೇಶದವ ಸೊಂಟಮಟ್ಟ ನೀರಿನಲ್ಲಿ ನಿಂತು ಗಾಳಿಯಲ್ಲಿ ದಾರ ಬೀಸುವ ವಿಡಿಯೋ ನೋಡಿದಿರಿ. ಫ್ಲೈ ಫಿಶಿಂಗ್ ಅಂತೆ! ಮರುದಿನವೇ ಆನ್‌ಲೈನ್ ಆರ್ಡರ್. ಪಾರ್ಸೆಲ್ ಬಂದಾಗ ಮನೆಯಲ್ಲಿ ಎಂತ ಹೇಳಿದಿರಿ? "ಮದ್ದು ಬಿಡುವ ಗನ್ನಿನ ಪಾರ್ಟು." (ಆ ಒಂಬತ್ತಡಿ ಕೋಲು ನಾಲ್ಕು ತುಂಡಾಗಿ ಬರುತ್ತದೆ, ಹಾಗಾಗಿ ಬಚಾವ್.)

ವಿದ್ಯೆ ಏನೋ ಚಂದವೇ. ನಮ್ಮ ಗಾಳದಲ್ಲಿ ಸೀಸದ ಗುಂಡು ದಾರವನ್ನು ಎಳೆದುಕೊಂಡು ಹೋಗುತ್ತದೆ, ನಕ್ಕುರು ಚುಚ್ಚಿ ಎಸೆದರೆ ಮುಗಿಯಿತು. ಇದರಲ್ಲಿ ಎಲ್ಲ ಉಲ್ಟಾ. ಕೊಕ್ಕೆಗೆ ಪುಕ್ಕ, ನೂಲು ಸುತ್ತಿ ಹುಳದ ವೇಷ ಕಟ್ಟಿರುತ್ತಾರೆ, ಅದಕ್ಕೆ ತೂಕವೇ ಇಲ್ಲ. ಭಾರ ಇರುವುದು ದಾರಕ್ಕೆ. ಅದನ್ನು ಒಮ್ಮೆ ಹಿಂದಕ್ಕೆ ಪೂರ್ತಿ ಬಿಚ್ಚಿ, ಮತ್ತೆ ಮುಂದಕ್ಕೆ ಬೀಸಬೇಕು.

ಹಿಂದಕ್ಕೆ ಅಂದೆನಲ್ಲ, ಕಡಬದ ಕಡೆ ಕುಮಾರಧಾರೆಯ ಬದಿಯಲ್ಲಿ ನಿಮ್ಮ ಹಿಂದೆ ಎಂತ ಉಂಟು? ಮುಂಡುಗದ ಪೊದೆ, ಬೆತ್ತದ ಮುಳ್ಳು, ಅದರಾಚೆ ನೆರೆಮನೆಯವರ ತೋಟ. ಮೊದಲ ಬೀಸಿಗೆ ನಿಮಗೆ ಸಿಕ್ಕಿದ್ದು ಅಡಿಕೆ ಸೋಗೆ. ಎರಡನೆಯದಕ್ಕೆ ನಿಮ್ಮದೇ ಟೊಪ್ಪಿ. (ಹಿಂದಕ್ಕೆ ಬೀಸದೆ, ನೀರಿನ ಮೇಲೆಯೇ ದಾರವನ್ನು ಸುರುಳಿ ಹೊರಳಿಸಿ ಬಿಡುವ ಒಂದು ಕ್ರಮ ಉಂಟು, ರೋಲ್ ಕಾಸ್ಟ್ ಅಂತ. ನಮ್ಮ ಹೊಳೆಬದಿಗೆ ಅದೇ ಸರಿ. ಆದರೆ ವಿಡಿಯೋದಲ್ಲಿ ಅದು ಅಷ್ಟು ಗತ್ತಾಗಿ ಕಾಣುವುದಿಲ್ಲ, ಅಲ್ಲವಾ?)

ಮತ್ತೆ, ಊರಿಗೇ ಹೊಸತು ತಂದವರ ಹಾಗೆ ಎದೆ ಉಬ್ಬಿಸಿ ನಡೆಯಬೇಡಿ. ಹೆನ್ರಿ ಸಲಿವನ್ ಥಾಮಸ್ ಅಂತ ಒಬ್ಬರು ಕಲೆಕ್ಟರ್ ಇದ್ದರು, ನಮ್ಮದೇ ದಕ್ಷಿಣ ಕನ್ನಡಕ್ಕೆ. ಹಿಂದುಸ್ತಾನದ ಹೊಳೆಗಳಲ್ಲಿ ಕೋಲು ಹಿಡಿದು ಮೀನು ಹಿಡಿಯುವುದು ಹೇಗೆಂದು 'ದಿ ರಾಡ್ ಇನ್ ಇಂಡಿಯಾ' ಎಂಬ ಪುಸ್ತಕವನ್ನೇ ಬರೆದರು. ಅದು ಅಚ್ಚಾದದ್ದು 1873ರಲ್ಲಿ, ಲಂಡನ್ನಿನಲ್ಲಲ್ಲ, ಮಂಗಳೂರಿನಲ್ಲಿ! ಕಂದಾಯದ ಕೆಲಸದ ನಡುವೆ ಅಷ್ಟು ಪುರುಸೊತ್ತು ಹೇಗೆ ಸಿಕ್ಕಿತೋ. ಜಮಾಬಂದಿಯ ಕ್ಯಾಂಪು ಹೊಳೆಬದಿಯಲ್ಲೇ ಬೀಳುತ್ತಿತ್ತೋ ಏನೋ. (ನೆಪ ಹುಡುಕುವುದರಲ್ಲಿ ಅವರು ನಿಮ್ಮ ಗುರುಗಳು.)

ಆದರೆ ಆ ದೊರೆ ಬರೀ ಶೋಕಿಯವರಲ್ಲ. ಪುಸ್ತಕಕ್ಕಿಂತ ಮೊದಲೇ, 1870ರಲ್ಲಿ, ಈ ಜಿಲ್ಲೆಯ ಮೀನಿನ ಬಗ್ಗೆ ಒಂದು ವರದಿ ಬರೆದಿದ್ದರು. ಸಣ್ಣ ಕಣ್ಣಿನ ಬಲೆ ಹಾಕಿ ಮರಿ ಬಾಚುವುದು, ಹೊಳೆಗೆ ವಿಷ ಬೆರೆಸುವುದು ಅವರಿಗೆ ಆಗುತ್ತಿರಲಿಲ್ಲ. ವಿಷಕ್ಕೂ ತೋಟೆಗೂ ಕಾನೂನಿನ ತಡೆ ಬಂದದ್ದು 1897ರ ಮೀನುಗಾರಿಕೆ ಕಾಯ್ದೆಯಲ್ಲಿ. ಈಗಲೂ ಬೇಸಗೆಯಲ್ಲಿ ರಾತ್ರಿ ಹೊಳೆಕಡೆಯಿಂದ 'ಢಂ' ಕೇಳಿದರೆ ನಾವು ಗರ್ನಾಲು ಅಂದುಕೊಂಡು ಮಗ್ಗುಲು ಬದಲಿಸುತ್ತೇವೆ, ಅಲ್ಲವಾ? ಉಬರ್ ಉಬರ್ ಅಂತ ಹಾರಾಡುತ್ತೇವಲ್ಲ, ಮೊದಲ ಮಳೆಗೆ ಮೇಲೆ ಹತ್ತುವುದು ಮೊಟ್ಟೆ ತುಂಬಿದ ಮೀನು. ಆ ಲೆಕ್ಕದಲ್ಲಿ ಚಳಿಗಾಲದಲ್ಲಿ ಸೋಗೆ ಹಿಡಿಯುವ ನೀವು ಪಾಪದವರೇ.

ಇನ್ನು ನಿಮಗೆ ಖುಷಿ ಕೊಡುವ ಒಂದು ಸಂಗತಿ. ಮೀನಿನ ಮೈ ಬಿಸಿ ಏರಿ ಇಳಿಯುವುದು ನೀರಿನ ಜೊತೆಗೇ. ಹಾಗಾಗಿ ಸುಳ್ಯದ ಮಂಜಿನ ಬೆಳಿಗ್ಗೆ ಐದು ಗಂಟೆಗೆ ಎದ್ದು ಓಡಬೇಕಾಗಿಲ್ಲ. ಬಿಸಿಲಿಗೆ ನೀರು ಸ್ವಲ್ಪ ಬೆಚ್ಚಗಾಗಿ ಹುಳಹುಪ್ಪಟೆ ಹಾರುವ ಹೊತ್ತಿಗೆ, ಅಂದರೆ ಹತ್ತು ಗಂಟೆಗೆ ಹೋದರೂ ಸಾಕು. (ಅಂಗಳದ ಅಡಿಕೆ ಮಗುಚುವ ಹೊತ್ತೂ ಅದೇ. ಎಂಥ ಯೋಗ ನೋಡಿ!) ನೀರು ಕನ್ನಡಿಯಷ್ಟು ತಿಳಿ ಇರುವುದರಿಂದ ನಿಮಗೆ ಮೀನು ಕಾಣುತ್ತದೆ. ಮೀನಿಗೆ ನೀವೂ ಕಾಣುತ್ತೀರಿ, ಆ ಬಿಳಿ ಬನಿಯನ್ನಿನ ಸಮೇತ. ಬಗ್ಗಿ ನಡೆಯಿರಿ, ನೆರಳು ನೀರಿಗೆ ಬೀಳದಿರಲಿ, ಫೋನು ಸೈಲೆಂಟಿನಲ್ಲಿರಲಿ.

ಸಿಕ್ಕಿದ್ದನ್ನು ಹಾಗೇ ನೀರಿಗೆ ಬಿಡುವುದೇ ಈ ಆಟದ ಮರ್ಯಾದೆಯಂತೆ. ಮೀನು ತಿನ್ನದ ಮನೆಯವರಿಗೂ ಇದರಿಂದ ಅನುಕೂಲ, ಸಾಕ್ಷಿ ಉಳಿಯುವುದಿಲ್ಲ. ಸಾಕ್ಷಿ ಇಲ್ಲದ್ದಕ್ಕೇ ಅಲ್ಲವಾ, ಕಡಬದಲ್ಲಿ ಬೆರಳುದ್ದ ಇದ್ದ ನಿಮ್ಮ ಮೀನು ಉಪ್ಪಿನಂಗಡಿ ಸಂಗಮ ದಾಟುವಾಗ ಮೊಣಕೈಯುದ್ದವಾಗಿ, ಪುತ್ತೂರು ಬಸ್‌ಸ್ಟ್ಯಾಂಡಿನ ಹತ್ತಿರ ಎರಡು ಕೈ ಚಾಚಿದರೂ ಸಾಲದೆ ಹೋಗುವುದು! ಒಂದು ಮಿತಿ ಇಟ್ಟುಕೊಳ್ಳಿ. 1946ರಲ್ಲಿ ಕಬಿನಿಯಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಹಿಡಿದ ಮಹಶೀರ್ 120 ಪೌಂಡು, ಸುಮಾರು 54 ಕಿಲೋ. ಅದಕ್ಕಿಂತ ಒಂದು ಕಿಲೋ ಕಮ್ಮಿಯೇ ಹೇಳಿ.

ಮತ್ತೊಂದು, ನಗೆಯಲ್ಲ ಇದು. ತೊಡಿಕಾನದ ಮತ್ಸ್ಯತೀರ್ಥದ ಹತ್ತಿರ ಆ ಕೋಲು ಹಿಡಿದುಕೊಂಡು ಸುಳಿಯಬೇಡಿ. ಅಲ್ಲಿಯ ಪೆರುವೊಳು ಕೂಡ ಮಹಶೀರ್ ಜಾತಿಯದೇ, ಆದರೆ ದೇವರ ಮೀನು, ಅಕ್ಕಿ ಹಾಕಿದರೆ ಕಾಲಬುಡಕ್ಕೇ ಬರುತ್ತದೆ. ಶಿಶಿಲದಲ್ಲಿ 1996ರಲ್ಲಿ ಯಾರೋ ವಿಷ ಹಾಕಿ ಸಾವಿರಾರು ದೇವರ ಮೀನು ಸತ್ತಾಗ ಊರವರು ಅವಕ್ಕೆ ಸ್ಮಾರಕವನ್ನೇ ಕಟ್ಟಿದ್ದಾರೆ. ಆದ್ದರಿಂದ ನಿಮ್ಮ ಆಟವೆಲ್ಲ ದೇವಸ್ಥಾನದಿಂದ ದೂರ, ಇಲಾಖೆಯ ಲೈಸೆನ್ಸ್ ಕೇಳಿಕೊಂಡು. ತುಂಡಾದ ನೈಲಾನ್ ದಾರವನ್ನು ಹೊಳೆಯಲ್ಲಿ ಬಿಡದೆ ಸುತ್ತಿ ಕಿಸೆಗೆ ಹಾಕಿಕೊಂಡು ಬನ್ನಿ. ಮನೆಗೆ ಹೊಗುವ ಮುಂಚೆ ಮಾತ್ರ ಅದನ್ನು ಕಿಸೆಯಿಂದ ತೆಗೆಯಲು ಮರೆಯಬೇಡಿ, ಅಂಗಿ ಒಗೆಯುವವರು ನೀವಲ್ಲ.