ಬಿಳಿಚುಕ್ಕೆಗೊಂದು ಮೈಸೂರು ಪೇಟ

ಊರಿಗೊಂದು ಬಸ್ ತಂಗುದಾಣ ಕಟ್ಟಿಸಿದವರಿಗೂ ಶಾಲು, ಹಾರ, ಹಣ್ಣಿನ ಬುಟ್ಟಿ ಸಿಗುವ ಈ ನಾಡಿನಲ್ಲಿ ಬಿಳಿಚುಕ್ಕೆ ವೈರಸ್ಸನ್ನು ಇನ್ನೂ ಯಾರೂ ಸನ್ಮಾನಿಸಿಲ್ಲ ಎಂಬುದು ನಾಚಿಕೆಗೇಡು. ಚೀನಾ, ತೈವಾನ್ ಕಡೆ 1992ರ ಹೊತ್ತಿಗೆ ಕೆಲಸ ಆರಂಭಿಸಿ, 1994ರಲ್ಲಿ ನಮ್ಮ ಪೂರ್ವ ಕರಾವಳಿಯ ಸೀಗಡಿ ಕೊಳಗಳಿಗೆ ಹಾಜರಾದ ಈ ಮಹಾಶಯ, ಮೂರು ದಶಕದಲ್ಲಿ ಒಂದು ದಿನ ರಜೆ ಹಾಕಿಲ್ಲ. ಕುಮಟಾ, ಅಂಕೋಲೆಯ ಕೊಳಗಳಿಗೂ ಕರೆಯದೆಯೇ ಬಂದು ಸೇವೆ ಸಲ್ಲಿಸಿದ್ದಾನೆ.

ಕಾರ್ಯದಕ್ಷತೆ ನೋಡಿ. ಬೆಳಿಗ್ಗೆ ಮೇವಿನ ತಟ್ಟೆ ಎತ್ತಿದರೆ ಹಾಕಿದ ಮೇವು ಹಾಗೇ ಇರುತ್ತದೆ. ಸೀಗಡಿಗಳು ದಂಡೆಯ ಬದಿಗೆ ಬಂದು ಮಂಕಾಗಿ ನಿಲ್ಲುತ್ತವೆ. ಒಂದರ ತಲೆಚಿಪ್ಪು ಬಿಡಿಸಿ ಬೆಳಕಿಗೆ ಹಿಡಿದರೆ ಒಳಗೆ ಒಂದೆರಡು ಮಿಲಿಮೀಟರಿನ ಬಿಳಿ ಚುಕ್ಕೆಗಳು. ಮೂರರಿಂದ ಹತ್ತು ದಿನದಲ್ಲಿ ಕಡತ ವಿಲೇವಾರಿ! ಸೀಗಡಿಗೆ ನಮ್ಮ ಹಾಗೆ ಪ್ರತಿಕಾಯ ಮಾಡಿಕೊಳ್ಳುವ ಶಕ್ತಿ ಇಲ್ಲವಾದ್ದರಿಂದ ಮಾಮೂಲಿ ಲಸಿಕೆ ನಡೆಯುವುದಿಲ್ಲ. ಔಷಧಿಯೂ ಇಲ್ಲ.

ಔಷಧಿಯೇ ಇಲ್ಲದ ರೋಗಕ್ಕೆ ಇರುವಷ್ಟು ಔಷಧಿ ಬೇರೆ ಯಾವ ರೋಗಕ್ಕೂ ಇಲ್ಲ. ರೋಗನಿರೋಧಕ ಟಾನಿಕ್ಕು, ಖನಿಜದ ಪುಡಿ, ಬೆಳ್ಳುಳ್ಳಿ ಸಾರ, ಡಬ್ಬಿಯ ಮೇಲೆ ಮೀಸೆ ತಿರುವುತ್ತಿರುವ ಸೀಗಡಿಯ ಚಿತ್ರ. ಕೆಲವರು ಆ್ಯಂಟಿಬಯೋಟಿಕ್ಕನ್ನೂ ಸುರಿಯುತ್ತಾರೆ. ಅದರಿಂದ ವೈರಸ್ಸಿಗೆ ಏನೂ ಆಗುವುದಿಲ್ಲ, ವಿದೇಶದ ಬಂದರಿನಲ್ಲಿ ಕಂಟೇನರ್ ಮಾತ್ರ ತಿರಸ್ಕೃತವಾಗುತ್ತದೆ. ಸೀಗಡಿ ಬದುಕಿದರೆ ಡಬ್ಬಿಯ ಮಹಿಮೆ. ಸತ್ತರೆ ಡಬ್ಬಿ ಮಾರುವವನ ಮಾತು ಸಿದ್ಧ, "ತಡ ಮಾಡಿ ಹಾಕಿದ್ರಿ ನಾಯ್ಕರೇ, ಮುಂದಿನ ಬೆಳೆಗೆ ಮೊದಲ ದಿನದಿಂದಲೇ ಶುರು ಮಾಡುವಾ." ಇಷ್ಟು ಜನಕ್ಕೆ ಅನ್ನ ಕೊಟ್ಟ ವೈರಸ್ಸಿಗೆ ಪೇಟ ತೊಡಿಸಲು ಇನ್ನೇನು ಅರ್ಹತೆ ಬೇಕು?

ಸಮುದ್ರದ ಸೀಗಡಿಗೂ ಈ ವೈರಸ್ ಇದೆ. ಅಲ್ಲಿಂದ ಹಿಡಿದು ತಂದ ತಾಯಿ ಸೀಗಡಿಗಳ ಜೊತೆಗೇ ಅದು ಮರಿ ಕೇಂದ್ರಗಳಿಗೆ ಬಂದದ್ದುಂಟು. ಆದರೆ ಸಮುದ್ರದಲ್ಲಿ ಮಂಕಾದ ಸೀಗಡಿಯನ್ನು ಮೀನು ನುಂಗುತ್ತದೆ, ಪ್ರಕರಣ ಅಲ್ಲಿಗೇ ಮುಕ್ತಾಯ. ನಮ್ಮ ಕೊಳದಲ್ಲಿ ಚದರ ಮೀಟರಿಗೆ ಅರವತ್ತರವರೆಗೂ ವೆನ್ನಾಮಿ ಜಾತಿಯ ಸೀಗಡಿ ಬಿಡಲು ನಿಯಮವೇ ಅವಕಾಶ ಕೊಟ್ಟಿದೆ. ಸತ್ತದ್ದನ್ನು ಪಕ್ಕದ ಸೀಗಡಿಯೇ ತಿನ್ನುತ್ತದೆ. ವೈರಸ್ಸಿಗೆ ಇದಕ್ಕಿಂತ ಒಳ್ಳೆಯ ಬಸ್ ಸೌಕರ್ಯ ನಾವು ಮನುಷ್ಯರಿಗೂ ಕೊಟ್ಟಿಲ್ಲ.

ಮರಿಗಳು ರೋಗಮುಕ್ತವಲ್ಲವೇ ಎನ್ನುತ್ತೀರಿ. ಹೌದು. 2009ರಲ್ಲಿ ವೆನ್ನಾಮಿಗೆ ಅನುಮತಿ ಸಿಕ್ಕ ಮೇಲೆ ಅದರ ಅಪ್ಪ ಅಮ್ಮ ವಿಮಾನದಲ್ಲಿ ಬಂದು, ಚೆನ್ನೈನ ನೀಲಾಂಕರೈನಲ್ಲಿ ಕ್ವಾರಂಟೈನ್ ಮುಗಿಸಿಯೇ ಹೊರಬೀಳಬೇಕು. ರೋಗಮುಕ್ತ ಎಂಬ ಪ್ರಮಾಣಪತ್ರದ ಅರ್ಥ, ತವರಿನಲ್ಲಿ ಪಟ್ಟಿಯಲ್ಲಿರುವ ರೋಗಗಳು ಇರಲಿಲ್ಲ ಎಂದಷ್ಟೇ. ನಮ್ಮ ಕಾಲುವೆಯ ನೀರಿಗೆ ಬಿದ್ದ ಮೇಲೂ ರೋಗ ಬರುವುದಿಲ್ಲ ಎಂದು ಅದರಲ್ಲಿ ಎಲ್ಲೂ ಬರೆದಿಲ್ಲ. ಓದುವವರು ಯಾರು? ಲ್ಯಾಮಿನೇಟ್ ಮಾಡಿಸಿ ಶೆಡ್ಡಿನಲ್ಲಿ ತೂಗು ಹಾಕಿದ್ದಾಯಿತು.

ಈಕ್ವೆಡಾರ್‌ನಲ್ಲಿ 1992ರಲ್ಲಿ ಟೌರಾ ನದಿಯ ಬಳಿ ಸೀಗಡಿ ಸಾಯತೊಡಗಿದಾಗ ಅಲ್ಲಿನವರು ಮೊದಲು ಬಾಳೆ ತೋಟದ ಶಿಲೀಂಧ್ರನಾಶಕವನ್ನು ದೂರಿದರು. ಅದು ಬೇರೊಂದು ವೈರಸ್ ಎಂದು ತಿಳಿಯಲು ಒಂದೆರಡು ವರ್ಷ ಹಿಡಿಯಿತು. 1999ರಲ್ಲಿ ಬಿಳಿಚುಕ್ಕೆಯೂ ಬಂದು ಉದ್ಯಮ ಮಕಾಡೆ ಮಲಗಿತು. ಆಗ ಅವರು ಕೊಳದಲ್ಲಿ ಬದುಕುಳಿದವನ್ನೇ ಆರಿಸಿ, ಮರಿ ಮಾಡಿಸಿ, ಮತ್ತೆ ಬದುಕುಳಿದವನ್ನು ಆರಿಸಿದರು. ದಟ್ಟಣೆ ಕಡಿಮೆ ಇಟ್ಟರು. ಇಂದು ಜಗತ್ತಿನಲ್ಲಿ ಅತಿ ಹೆಚ್ಚು ಸೀಗಡಿ ರಫ್ತು ಮಾಡುವುದು ಆ ದೇಶವೇ. ಬೇಗ ಬೆಳೆಯುವ ಗುಣಕ್ಕೂ ಬಿಳಿಚುಕ್ಕೆ ತಡೆಯುವ ಗುಣಕ್ಕೂ ಅಷ್ಟಾಗಿ ಆಗಿಬರುವುದಿಲ್ಲ ಎಂದು ಕೊಲಂಬಿಯಾದ ತಳಿ ಪ್ರಯೋಗಗಳು ತೋರಿಸಿವೆ. ನಮಗೆ ಮಾತ್ರ ನೂರು ದಿನದಲ್ಲಿ ತೂಕವೂ ಬೇಕು, ತಾಳಿಕೆಯೂ ಬೇಕು, ಪಕ್ಕದವನಿಗಿಂತ ಒಂದು ವಾರ ಮೊದಲೇ ಬೇಕು.

ಆ ಪಕ್ಕದವನ ವಿಷಯಕ್ಕೇ ಬರೋಣ. ಕೊಳಕ್ಕೆ ರೋಗ ಬಂದದ್ದು ತಿಳಿದ ರಾತ್ರಿ ನಡೆಯುವುದೇನು? ಸಿಕ್ಕಷ್ಟನ್ನು ಬಲೆಗೆ ಎಳೆದು, ಸಿಕ್ಕ ಬೆಲೆಗೆ ಕೊಟ್ಟು, ತೂಬು ಎತ್ತಿ ನೀರನ್ನು ಕಾಲುವೆಗೆ ಬಿಡುವುದು. ಬೆಳಗಿನ ಜಾವ ಅದೇ ಕಾಲುವೆಗೆ ಪಕ್ಕದವನು ಪಂಪು ಇಡುತ್ತಾನೆ. ಅವನ ಕೊಳ ಹೋದಾಗ ಇಬ್ಬರೂ ಕಟ್ಟೆಯ ಮೇಲೆ ಕುಳಿತು ಕಾಗೆಗೆ, ಏಡಿಗೆ, ಸರ್ಕಾರಕ್ಕೆ ಬೈಯುತ್ತಾರೆ. ಕಾಗೆ, ಏಡಿಗಳೂ ರೋಗ ಹೊರುತ್ತವೆ ನಿಜ. ಆದರೆ ತೂಬು ಎತ್ತಲು ಅವಕ್ಕೆ ಬರುವುದಿಲ್ಲ.

ಸನ್ಮಾನ ಸಮಿತಿಗೆ ಚಂದಾ ಕೊಡಲು ಮನಸ್ಸಿಲ್ಲದವರು ಇಷ್ಟು ಮಾಡಿ: ಕೊಳದಲ್ಲಿ ಚುಕ್ಕೆ ಕಂಡ ದಿನ ತೂಬು ಮುಚ್ಚಿಯೇ ಇರಲಿ, ಬ್ಲೀಚಿಂಗ್ ಪುಡಿ ಹಾಕಿ ನೀರನ್ನು ಒಳಗೇ ನಿಲ್ಲಿಸಿ, ಪಕ್ಕದವರಿಗೆ ಅಂದೇ ಫೋನ್ ಮಾಡಿ.