ಹಗೂರ ಮಾತಾಡ್ರಿ, ಬಾಜೂದಾಕಿ ಲೆಕ್ಕದಾಗ ಅದಾಳ

(ಬೆಳಗಾವಿಯ ಹಿಂದವಾಡಿಯಲ್ಲಿ ಯಟರ್ಬಿಯಂ ಅಯಾನೊಂದರ ಜೊತೆ ಕಾಲ್ಪನಿಕ ಸಂದರ್ಶನ)

ಕ್ವಾಂಟಂ ಕಂಪ್ಯೂಟರಿನಲ್ಲಿ ಲೆಕ್ಕ ನಡೆಯುತ್ತಿರುವಾಗಲೇ ಒಂದು ಕ್ಯೂಬಿಟ್ಟನ್ನು ಅಳೆಯಬೇಕು, ಪಕ್ಕದ್ದಕ್ಕೆ ಸುಳಿವೂ ಹತ್ತಬಾರದು. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದಲ್ಲಿ ರಾಜಿಬುಲ್ ಇಸ್ಲಾಂ ಅವರ ತಂಡ ಇದನ್ನು ಮಾಡಿ ತೋರಿಸಿ, 2024ರಲ್ಲಿ 'ನೇಚರ್ ಕಮ್ಯುನಿಕೇಷನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿತು. ಅಲ್ಲಿ ಕ್ಯೂಬಿಟ್ ಅಂದರೆ ಒಂದೊಂದು ಅಯಾನು. ಅಂಥ ಅಳತೆಗೆ ಕೂತೆದ್ದ ಅಯಾನನ್ನು ಹಿಂದವಾಡಿಗೇ ಕರೆಸಿದೆವು. ನೆರೆಮನೆಯ ಸುದ್ದಿಯನ್ನು ನೆರೆಮನೆಗೆ ಗೊತ್ತಾಗದ ಹಾಗೆ ತೆಗೆಯುವ ವಿದ್ಯೆಯಲ್ಲಿ ನಮ್ಮ ಬಡಾವಣೆ ಯಾವ ಪ್ರಯೋಗಾಲಯಕ್ಕೂ ಕಡಿಮೆ ಇಲ್ಲ. ಗುರುದೇವ ರಾನಡೆ ಮಂದಿರದಿಂದ ತುಸು ದೂರದ ಒಂದು ಮನೆಯ ಕಟ್ಟೆಯ ಮೇಲೆ ಮಾತು ಶುರುವಾಯಿತು. ಅಯಾನುಗಳು ಬಂದದ್ದು ಎರಡು, ಮಾತಾಡಿದ್ದು ಒಂದೇ.

ಪರಿಚಯ ಹೇಳ್ರಿ.

ಯಟರ್ಬಿಯಂ-171. ಒಂದು ಎಲೆಕ್ಟ್ರಾನ್ ಕಳಕೊಂಡಾಂವ. ಸ್ವೀಡನ್ನಿನ ಇಟ್ಟರ್ಬಿ ಅನ್ನೋ ಹಳ್ಳಿ ಹೆಸರು ನನಗ ಬಂದದ. ಆ ಒಂದು ಹಳ್ಳಿ ಹೆಸರಿನ ಮ್ಯಾಲೆ ನಾಲ್ಕು ಮೂಲವಸ್ತು ಅದಾವ್ರಿ, ನಿಮ್ಮ ಓಣಿಗೆ ಒಂದಾದ್ರೂ ಅದ ಏನು? ಹಗೂರ ಮಾತಾಡ್ರಿ, ಬಾಜೂದಾಕಿ ಲೆಕ್ಕದಾಗ ಅದಾಳ.

ಅವರನ್ನೂ ಒಂದು ಮಾತು ಕೇಳೋಣ ಅಂತಿದ್ದೆ.

ಕೇಳಿದ್ರ ಮುಗೀತು. ಈಗ ಆಕಿ ಸೊನ್ನೆನೂ ಹೌದು, ಒಂದೂ ಹೌದು. ನೀವು ಕೇಳಿದ ಕೂಡ್ಲೆ ಎರಡರಾಗ ಒಂದು ಹೇಳಿ ಕುಂದರ್ತಾಳ. ಆಮ್ಯಾಲೆ ಲೆಕ್ಕ ಎಲ್ಲಿಂದ ತರ್ತೀರಿ?

ಹಾಗಾದರೆ ಲೆಕ್ಕ ಮುಗಿಯುವ ತನಕ ಎಲ್ಲರೂ ಸುಮ್ಮನಿರಬೇಕಪ್ಪ. ನಡುವೆ ಅಳೆಯುವ ಅವಸರ ಯಾರಿಗೆ?

ತಪ್ಪಾಗ್ತಾವ್ರಿ. ನಾವು ಬಹಳ ನಾಜೂಕು ಮಂದಿ. ತಪ್ಪಾಗಿದ್ದು ಕಡೀಕೆ ತಿಳಿದ್ರ ಏನು ಉಪಯೋಗ? ಅದಕ್ಕ ದೊಡ್ಡ ಯಂತ್ರದಾಗ ನಮ್ಮಂಥ ಕೆಲವರನ್ನ ಸಾಕ್ಷಿಗೆ ಇಡ್ತಾರ. ಈಕಿ ಮತ್ತ ಆಚೀಕಡೆಯಾಕಿ, ಇಬ್ಬರ ಮಾತೂ ಒಂದಽ ಅದನೋ ಬ್ಯಾರೆ ಅದನೋ, ಅಷ್ಟಽ ನನಗ ಮುಟ್ಟಸ್ತಾರ. ಏನ್ ಮಾತು ಅನ್ನೋದು ನನಗೂ ತಿಳೀಬಾರದು. ಆಮ್ಯಾಲೆ ನನ್ನ ಅಳೀತಾರ. ಬ್ಯಾರೆ ಅಂತ ಬಂದ್ರ ಎಲ್ಲೋ ಎಡವಟ್ಟಾಗ್ಯದ, ತಿದ್ತಾರ. ನನ್ನ ಅಳಿಸಿ, ಸೊನ್ನೆ ಮಾಡಿ, ಮತ್ತ ಸಾಕ್ಷಿಗೆ ಕುಂದರಸ್ತಾರ.

ಹಿಂದವಾಡಿಯಲ್ಲೂ ಅಂಥ ಸಾಕ್ಷಿಗಳಿದ್ದಾರೆ. ಆದರೆ ಏನು ಮಾತು ಅನ್ನುವುದನ್ನೂ ಕೇಳಿಕೊಂಡೇ ಬರುತ್ತಾರೆ.

ಅದಕ್ಕಽ ಇಲ್ಲಿ ಕ್ವಾಂಟಂ ಕಂಪ್ಯೂಟರ್ ನಡ್ಯಾಂಗಿಲ್ಲ.

(ಅಷ್ಟರಲ್ಲಿ ಪಕ್ಕದ ಮನೆಯ ಕಿಟಕಿಯಿಂದ ಕಾಕು: "ಪಾವ್ಣ್ಯಾರು ಬಂದಾರೇನ್ರಿ? ಕುಂದಾ ಕಳಸ್ಲೇನು?")

ನೋಡ್ರಿ, ಕ್ರಾಸ್‌ಟಾಕ್ ಅಂದ್ರ ಇದಽ.

ಅಳೆಯುವಾಗ ನಿಮಗೆ ಏನು ಮಾಡುತ್ತಾರೆ?

369 ನ್ಯಾನೊಮೀಟರಿನ ಲೇಸರ್ ಬಿಡ್ತಾರ, ಕಣ್ಣಿಗೆ ಕಾಣದ ಅತಿನೇರಳೆ ಬೆಳಕು. ನಾನು 'ಒಂದು' ಇದ್ರ ಹೊಳೀತೀನಿ, 'ಸೊನ್ನೆ' ಇದ್ರ ಕತ್ತಲಿ. ಹೊಳದಾಗ ಬೆಳಕು ಎಲ್ಲಾ ದಿಕ್ಕಿಗೂ ಚೆಲ್ಲತದ. ಬಾಜೂದಾಕಿ ಇರೋದು 6 ಮೈಕ್ರೊಮೀಟರ್ ದೂರ. ಒಂದು ಫೋಟಾನ್ ಆಕಿ ನುಂಗಿದ್ರೂ ಆಕೀ ಲೆಕ್ಕ ಹೋತು. ಅದಕ್ಕಿಂತ ದೊಡ್ಡ ಕಾಟ ಅಂದ್ರ ಲೇಸರಿನ ಅಂಚು. ಎಷ್ಟು ಸಣ್ಣಗ ಹಿಡಿದ್ರೂ ಲೆನ್ಸಿನ ಓರೆಕೋರೆಯಿಂದ ಒಂದಿಷ್ಟು ಬೆಳಕು ಆಕಿ ಅಂಗಳಕ್ಕ ಬೀಳ್ತದ.

ಅವರನ್ನು ಸ್ವಲ್ಪ ದೂರ ಕೂರಿಸಿದರೆ?

ಅದೂ ಮಾಡ್ತಾರ. ವಿದ್ಯುತ್ ಕ್ಷೇತ್ರ ಬದಲಿ ಮಾಡಿ, ಅಯಾನ್ ಸರಿಸಿ ಬ್ಯಾರೆ ಕಡೆ ಒಯ್ದು ಅಳಿಯೋ ಯಂತ್ರ ಅದಾವ. ಆದ್ರ ಪ್ರತಿ ಸಲ ಬಾಡಿಗಿಮನಿ ಖಾಲಿ ಮಾಡಿಸಿದಾಂಗ, ಹೊತ್ತೂ ಹೋಗ್ತದ, ಮೈನೂ ಬಿಸಿ ಆಗ್ತದ. ಇಲ್ಲಾ, ಸಾಕ್ಷಿಗೆ ಬೇರಿಯಂನಂಥ ಬ್ಯಾರೆ ಅಯಾನ್ ತರ್ತಾರ. ಅದರ ಬೆಳಕಿನ ಬಣ್ಣ ಬ್ಯಾರೆ, ನಮಗ ತಾಗೂದಿಲ್ಲ. ಆದ್ರ ಲೇಸರ್ ಸಂಸಾರ ಎರಡಾಗ್ತದ. ವಾಟರ್‌ಲೂದಾಗ ಯಾರನ್ನೂ ಎಬ್ಬಿಸಲಿಲ್ಲ. ಡಿಜಿಟಲ್ ಸಿನಿಮಾ ಪ್ರೊಜೆಕ್ಟರಿನ್ಯಾಗ ಲಕ್ಷಗಟ್ಟಲೆ ಸಣ್ಣ ಕನ್ನಡಿ ಇರೋ ಚಿಪ್ ಇರ್ತದಲ್ರಿ, ಅಂಥದ್ದರ ಮ್ಯಾಲೆ ಹೊಲೊಗ್ರಾಂ ಬರದು, ಲೆನ್ಸಿನ ಓರೆಗೆ ಉಲ್ಟಾ ಓರೆ ಕೊಟ್ಟು, ಬೆಳಕನ್ನ ನನ್ನ ಮ್ಯಾಲೆ ಅಷ್ಟಽ ಇಳಿಸಿದ್ರು.

ಹೀಗೆ ಎರಡೂ ಆಗಿ, ಯಾವುದೂ ಆಗದೆ, ಎಷ್ಟು ಹೊತ್ತು ಇರಬಲ್ಲಿರಿ?

ಬೀಜಿಂಗಿನ ತ್ಸಿಂಗ್ಹುವಾ ವಿಶ್ವವಿದ್ಯಾಲಯದವರು 2021ರಾಗ ನಮ್ಮ ಜಾತಿಯ ಒಂದು ಅಯಾನ್ ಒಂದು ತಾಸಿಗೂ ಹೆಚ್ಚು ಇರಬಲ್ಲದು ಅಂತ ಅಂದಾಜು ಕೊಟ್ರು. ಆಗಿನ ದಾಖಲೆ ಅದು.

ಒಂದೇ ತಾಸಾ! ಮಹಾರಾಷ್ಟ್ರದ ಜೊತೆಗಿನ ನಮ್ಮ ಗಡಿ ಕೇಸು 2004ರಿಂದ ಸುಪ್ರೀಂ ಕೋರ್ಟಿನಲ್ಲಿದೆ.

ಅಷ್ಟು ವರ್ಷ ಯಾರೂ ಅಳೀಲಿಲ್ಲೇನ್ರಿ?

ಅಳೆಯದೆ ಏನು? ಮಹಾಜನ ಆಯೋಗ 1967ರಲ್ಲೇ ಅಳೆಯಿತು. ಬೆಳಗಾವಿ ನಗರ ಆಗಿನ ಮೈಸೂರು ರಾಜ್ಯದಲ್ಲೇ ಇರಲಿ ಎಂದು ಬಂತು. ಉತ್ತರ ಹಿಡಿಸದ ಮಹಾರಾಷ್ಟ್ರ, ಇನ್ನೊಮ್ಮೆ ಅಳೆಯಿರಿ ಎಂದಿತು.

ನಮ್ಮಲ್ಲಿ ಒಮ್ಮೆ ಅಳದು, ಕೂಡ್ಲೆ ಮತ್ತ ಅದನ್ನಽ ಅಳದ್ರ ಅದಽ ಉತ್ತರ ಬರ್ತದ. ಇದು ಕ್ವಾಂಟಂ ಶಾಸ್ತ್ರದ ಖರೇ ನಿಯಮ, ನಿಮ್ಮ ವಕೀಲರಿಗೆ ಹೇಳ್ರಿ.

ಅದಿರಲಿ, ನಮ್ಮ ರಾಜ್ಯ ಸರ್ಕಾರ 2025ರ ಜುಲೈನಲ್ಲಿ 1,000 ಕೋಟಿ ರೂಪಾಯಿಯ ಕ್ವಾಂಟಂ ಯೋಜನೆ ಘೋಷಿಸಿತು. ಹೆಸರಘಟ್ಟದಲ್ಲಿ ಕ್ವಾಂಟಂ ಸಿಟಿಗೆ 6.17 ಎಕರೆ ಜಾಗ.

ನನಗ 6 ಮೈಕ್ರೊಮೀಟರ್ ಸಾಕಾಗಿತ್ತು. ಬೆಳಗಾವಿಗೆ ಏನು ಕೊಟ್ಟಾರ?

ಏನೂ ಕೇಳಿಬಂದಿಲ್ಲ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಮುಖ್ಯ ಕಚೇರಿ ಇಲ್ಲೇ ಇದೆ. 2012ರಲ್ಲಿ ಉದ್ಘಾಟನೆಯಾದ ಸುವರ್ಣ ವಿಧಾನಸೌಧವೂ ಇದೆ, ಚಳಿಗಾಲದ ಅಧಿವೇಶನ ಮುಗಿದರೆ ಬಹುಮಟ್ಟಿಗೆ ಖಾಲಿ.

ಖಾಲಿ ಅಂದ್ರ ನಿರ್ವಾತ? ನಮಗ ಬೇಕಾಗಿದ್ದು ಅದಽ ಅಲ್ರೀ!

ಬೆಂಗಳೂರಿನ ಕ್ಯೂಪಿಎಐ ಕಂಪನಿ 2025ರ ಏಪ್ರಿಲ್‌ನಲ್ಲಿ 25 ಕ್ಯೂಬಿಟ್ಟಿನ 'ಇಂಡಸ್' ಯಂತ್ರ ತೋರಿಸಿತು. ನಿಮ್ಮ ಬಳಗವೇ?

ಅವು ಅತಿವಾಹಕ ಮಂಡಲದವು, ಅಯಾನ್ ಅಲ್ಲ. ಅಲ್ಲಿ ಅಳಿಯೋದು ಮೈಕ್ರೊವೇವಿನಿಂದ. ಬಾಜೂದವರ ಕಾಟ ಆ ಜಾತಿಗೂ ತಪ್ಪಿಲ್ಲ.

ಸರಿ, ಫಲಿತಾಂಶಕ್ಕೆ ಬರೋಣ. ನಿಮ್ಮನ್ನು ಅಳೆದಾಗ ಪಕ್ಕದವರು ಎಷ್ಟು ಉಳಿದರು?

ನನ್ನ ಸೊನ್ನೆ ಮಾಡುವಾಗ ನೂರಕ್ಕ 99.9ಕ್ಕೂ ಮ್ಯಾಲೆ. 11 ಮೈಕ್ರೊಸೆಕೆಂಡ್ ಅಳತೆಯ ಬೆಳಕು ಬಿಟ್ಟಾಗ ನೂರಕ್ಕ 99.6.

ಡಿಸ್ಟಿಂಕ್ಷನ್! ಈ ಓಣಿಯಲ್ಲಿ ಇಷ್ಟು ಅಂಕ ಬಂದರೆ ಪೇಢೆ ಹಂಚುತ್ತಾರೆ.

ಪೇಢೆ ತಡೀರಿ. ಅದು ಒಂದು ಸಲದ ಲೆಕ್ಕ. ಹಿಂಗಽ ನೂರು ಸಲ ಅಳದ್ರ 99.6 ಹೋಗಿ 67ಕ್ಕ ಬರ್ತದ. ದೋಷ ತಿದ್ದೋ ಯಂತ್ರ ನನ್ನಂಥವರನ್ನ ಸಾವಿರಾರು ಸಲ ಅಳೀಬೇಕು. ದಶಾಂಶದ ಆಚೆ ಇನ್ನೂ ಒಂಬತ್ತು ಬೇಕ್ರಿ.

ಓದುಗರಿಗೆ ಏನಾದರೂ ಹೇಳುವುದಿದೆಯೆ? ನಿಮ್ಮನ್ನು ಅಳಿಸುವ ಹೊತ್ತಾಯಿತು.

ಒಂದಽ ಮಾತು. ಮುಂದ ಯಾರರೆ ವೇದಿಕೆ ಹತ್ತಿ ನಮ್ಮ ಕಡೆ ಇಷ್ಟು ಕ್ಯೂಬಿಟ್ ಅದಾವ ಅಂದ್ರ ಚಪ್ಪಾಳೆ ಹೊಡೀಲಿಕ್ಕೆ ಅವಸರ ಮಾಡಬ್ಯಾಡ್ರಿ. ಲೆಕ್ಕದ ನಡುವ ಒಂದನ್ನ ಅಳದ್ರ ಬಾಜೂದು ಎಷ್ಟು ಉಳೀತದ ಅಂತ ಕೇಳ್ರಿ. ಮಂತ್ರಿ ಇರಲಿ, ಕಂಪನಿ ಇರಲಿ, ಕೇಳಽ ಬಿಡ್ರಿ.